ಕೋಲ್ಡ್ ಸ್ಟೋರೇಜಿನ ಹಿಂದೆ

ಹಾಸನದ ಶ್ರುತಿ ಜಿ.
ನಾನು ಹೇಳಿದ್ದಲ್ಲ ಇದು. ಮೋಟಾರು ವೈಂಡಿಂಗಿನ ನೂರುಲ್ಲಾ
ಫೋನನ್ನು ಕಂಪ್ರೆಸರಿನ ಬೆನ್ನಿಗೆ ಆನಿಸಿ
ಟ್ಯೂನರಿನ ಮುಳ್ಳು ತೋರಿಸಿ ಹೇಳಿದ್ದು.
ಒಳಗೆ ಬಿತ್ತನೆ ಆಲೂಗಡ್ಡೆ ಮಲಗಿರುವಷ್ಟು ದಿನ
ಬಿ.ಎಂ. ರಸ್ತೆಯ ಈ ಗೋಡೆ, ಹಗಲೂ ರಾತ್ರಿ,
ಹಿಡಿದ ಸ್ವರ ಬಿಡುವುದಿಲ್ಲ.
"ಒಂಚೂರು ಫ್ಲಾಟು," ಅಂದಳು ಲವೀನಾ.
"ಕೆಇಬಿಯೋರಿಗೆ ಹೇಳು," ಅಂದ ನೂರುಲ್ಲಾ.

ನಾವು ನಾಲ್ಕು ಜನ. ಶುಕ್ರವಾರ, ಎಂಟೂವರೆ ಮೇಲೆ.
ಲವೀನಾಗೆ ಹತ್ತಕ್ಕೆ ದೊಡ್ಡಾಸ್ಪತ್ರೆಯಲ್ಲಿ ಡ್ಯೂಟಿ.
ಪದ್ಮರಾಜ ಬೆಳಗೊಳದ ಕಡೆಯವನು, ಎಲ್ಲೈಸಿ ಏಜೆಂಟು,
ಹೊತ್ತು ಮುಳುಗಿದ ಮೇಲೆ ಒಂದು ಕಾಳೂ ಬಾಯಿಗಿಡ;
ಕಿವಿಗೆ ಮಾತ್ರ ಆ ವ್ರತವಿಲ್ಲ.
ನೂರುಲ್ಲಾನ ಉಗುರುಸಂದಿಯಲ್ಲಿ ವಾರ್ನಿಶ್ಶು, ತಾಮ್ರ.
ಕೂದಲಿಗಿಂತ ಸಣ್ಣ ತಂತಿ ತರಿಸಿ, ಆರು ಸಾವಿರ ಸುತ್ತು ಸುತ್ತಿ
ಗಿಟಾರಿಗೊಂದು ಪಿಕಪ್ಪು ಮಾಡಿದ.
ಅದರಲ್ಲಿ ಮೊದಲು ಕೇಳಿದ್ದು
ಆಕಾಶವಾಣಿಯ ಕೃಷಿರಂಗ.
ನಾನು ಇಲ್ಲಿಯ ರೈಟರ್ರು, ಚೀಲ ಎಣಿಸುವವನು.

ಮಾತು ಯಾವಾಗಲೂ ಜಗಳದಿಂದಲೇ ಶುರು.
ಸಾಲ್ಟ್ ಫರ್ನೇಸ್ ತನ್ನ ಹಳೇ ಡ್ರಮ್ಮರನ್ನು ಕಳೆದುಕೊಂಡಾಗಲೇ ಸತ್ತಿತೋ
ಅಥವಾ ಆಗಲೇ ಹುಟ್ಟಿತೋ.
ಮೂರನೇ ಆಲ್ಬಮ್ಮು ದೊಡ್ಡದೋ, ಬರೀ ಸದ್ದು ದೊಡ್ಡದೋ.
"ಈ ಹೊಸಬ ಬಡಿಯೋದು ಒಗೆಯೋ ಕಲ್ಲಿಗೆ ಬಡಿದಂಗೆ."
"ಕೊಳೆ ಬಿಡಬೇಕಲ್ಲ!"
ಟೂರಿನ ಪಟ್ಟಿಯಲ್ಲಿ ಜಕಾರ್ತಾ ಇದೆ, ಸಿಂಗಪುರ ಇದೆ.
ಅಲ್ಲಿಂದ ಹಾಸನಕ್ಕೆ ಎಷ್ಟು ದೂರ ಅಂತ ಪದ್ಮರಾಜ ಅಳೆದ,
ಪ್ರೀಮಿಯಂ ಲೆಕ್ಕ ಹಾಕುವ ಅದೇ ಮುಖದಲ್ಲಿ.
ಸಾಲಗಾಮೆ ರಸ್ತೆಯ ದೊಡ್ಡ ತಟ್ಟೆಗಳು
ಎಲ್ಲೋ ಮೇಲಿರುವ ಉಪಗ್ರಹದ ಪಿಸುಮಾತು ಹಿಡಿಯುತ್ತವಂತೆ.
ನಮಗೆ, ಹಾಡುವವನು ಸಾಲಿಗೆ ಮುಂಚೆ ಎಳೆದ ಉಸಿರು
ಕೇಳಿದರೆ ಸಾಕು.

ಜಗಳ ಮುಗಿಸುವ ತುರುಪು ನನ್ನ ಕೈಯಲ್ಲಿತ್ತು:
ನಾನು ಅವರನ್ನು ಕಣ್ಣಾರೆ ಕಂಡವನು.
ಅರಮನೆ ಮೈದಾನ, ಹದಿನಾಲ್ಕು ವರ್ಷದ ಹಿಂದೆ,
ಯಶವಂತಪುರದಲ್ಲಿ ಇಳಿದು, ಹರಿದ ಚಪ್ಪಲಿಯಲ್ಲಿ.
"ನೆಲ ನಡುಗ್ತು ಕಣ್ರೋ. ಪಕ್ಕೆಲುಬಿನೊಳಗೆ
ಯಾರೋ ಗಾಡಿ ಹೊಡೆದಂಗೆ."
ಎಷ್ಟು ಸಲ ಹೇಳಿದೆನೋ.
ಹೇಳಿದಷ್ಟೂ ಟಿಕೆಟ್ಟಿನ ಬಣ್ಣ ಗಟ್ಟಿಯಾಯಿತು.

ಇವತ್ತು ಅವರ ಹೊಸ ಆಲ್ಬಮ್ಮು, ಏಳು ವರ್ಷದ ಮೇಲೆ.
ಖಾಲಿ ಚೀಲಗಳ ಮೇಲೆ ನೂರುಲ್ಲಾನ ಸ್ಪೀಕರ್ರು.
ಮೊದಲ ಹಾಡಿನ ನಡುವೆ ಎಲ್ಲ ವಾದ್ಯವೂ ನಿಂತು
ಬೇಸ್ ಒಂದೇ ಉಳಿಯಿತು,
ನೆಲಮಾಳಿಗೆಯಲ್ಲಿ ಒಬ್ಬನೇ ನಡೆಯುವವನ ಹಾಗೆ.
ಏನಾಯಿತೋ, ಬಾಯಿ ಜಾರಿತು:
"ನಾನು ಒಳಗೆ ಹೋಗಿರಲಿಲ್ಲ. ದುಡ್ಡಿರಲಿಲ್ಲ.
ಕಾಂಪೌಂಡಿನಾಚೆ, ಜೋಳ ಸುಡುವವಳ ಗಾಡಿ ಪಕ್ಕ,
ಎರಡು ಗಂಟೆ
ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದೆ."

ಯಾರೂ ತಿರುಗಲಿಲ್ಲ. ಹಾಡು ಮುಗಿಯಿತು.
ಪದ್ಮರಾಜ ಚೀಲದ ದಾರ ಎಳೆಯುತ್ತಾ ಅಂದ:
"ಗೊತ್ತಿತ್ತು, ಬೋರೇಶಣ್ಣ.
ಇಷ್ಟು ವರ್ಷದಲ್ಲಿ ಒಂದು ಸಲಾನೂ ನೀನು
ಹಾಡಿದವನ ಅಂಗಿ ಯಾವ ಬಣ್ಣ ಅಂತ ಹೇಳಲಿಲ್ಲ.
ಬರೀ ಬೇಸು. ಗೋಡೆ ದಾಟೋದು ಅದೊಂದೇ ತಾನೆ."

ಲವೀನಾ ಎದ್ದಳು, ಸ್ಕೂಟರಿನ ಕೀ ಹುಡುಕಿದಳು.
"ನಮ್ಮ ಹೆರಿಗೆ ವಾರ್ಡಲ್ಲೂ ಹಂಗೇ.
ಬೆಲ್ಟು ಕಟ್ಟಿ ಮೆಷಿನ್ ಹಾಕಿದರೆ
ಮೊದಲು ಕೇಳೋದು ಡ್ರಮ್ಮು. ಮುಖ ಆಮೇಲೆ."

ಅಷ್ಟರಲ್ಲಿ ಕರೆಂಟು ಹೋಯಿತು.
ಕಂಪ್ರೆಸರು ಒಂದೊಂದೇ ಮೆಟ್ಟಿಲು ಇಳಿಯಿತು:
ಎಫ್, ಇ, ಆಮೇಲೆ ಹೆಸರಿಲ್ಲದ್ದು.
ಎಂಟು ಸಾವಿರ ಚೀಲ ಉಸಿರು ಹಿಡಿದವು.
ಜನರೇಟರಿಗೆ ಓಡಬೇಕಿತ್ತು, ಓಡಿದೆ.
ಕತ್ತಲಲ್ಲಿ ಹಿಂದಿನಿಂದ ನೂರುಲ್ಲಾ:
"ನಿಧಾನಕ್ಕೆ ಬಾರಣ್ಣ, ಎಡವೀಯ.
ಎರಡನೇ ಹಾಡು
ನೀನು ಬರೋವರೆಗೂ ಹಾಕಲ್ಲ."